ಪಕ್ಕದಲ್ಲಿ ಕೂತ ಕ್ಲೀನರ್

ಚುನಾರ್ ದಾಟಿ ಗಂಗೆಯ ಬಲದಂಡೆಯಲ್ಲಿ ರಾಮನಗರದ ಕಡೆ ಬರುತ್ತಿದ್ದಾಗ ಭಾವ ಇದ್ದಕ್ಕಿದ್ದಂತೆ ಕಾರನ್ನು ಪಕ್ಕಕ್ಕೆ ಹಾಕಿದರು. ‘ಸ್ಟೇರಿಂಗ್ ಎಡಕ್ಕೆ ಎಳೀತಿದೆ ಕಣೋ. ಮುಂದಿನ ಟೈರಲ್ಲಿ ಗಾಳಿ ಇಳಿದಿರಬೇಕು, ಇಳಿದು ನೋಡು’ ಅಂದರು. ಇಳಿದು ನೋಡಿದೆ. ನಾಲ್ಕೂ ಟೈರು ಗಟ್ಟಿಯಾಗಿಯೇ ಇದ್ದವು.

ಭಾವ 28 ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟೇರಿಂಗ್ ಎಳೆದರೆ ಟೈರು, ಅಲೈನ್‌ಮೆಂಟು ಅಥವಾ ಬ್ರೇಕು, ಈ ಮೂರರಲ್ಲಿ ಒಂದು ಕೆಟ್ಟಿದೆ ಎಂದೇ ಅವರ ಲೆಕ್ಕ. ಆದರೆ ಮಗ ಕಾಶಿಯಾತ್ರೆಗೆಂದು ಕೊಟ್ಟಿದ್ದ ಹೊಸ ಕಾರಿನಲ್ಲಿ ಏನೂ ಕೆಟ್ಟಿರಲಿಲ್ಲ. ಹೊಸದಾಗಿ ಡಾಂಬರು ಹಾಕಿ ಬಿಳಿಗೆರೆ ಎಳೆದಿದ್ದ ಆ ತುಣುಕು ರಸ್ತೆಯಲ್ಲಿ ಭಾವ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಲು ಬಲಕ್ಕೆ ಸರಿದಿದ್ದರು, ಇಂಡಿಕೇಟರ್ ಹಾಕದೆ. ಒಳಗಿನ ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಿದ್ದ ಕ್ಯಾಮೆರಾ ಗೆರೆಯನ್ನು ನೋಡಿತು, ಚಕ್ರ ಗೆರೆ ದಾಟುತ್ತಿದೆ, ಸೂಚನೆ ಇಲ್ಲ, ಚಾಲಕ ತೂಕಡಿಸುತ್ತಿರಬಹುದು ಎಂದುಕೊಂಡಿತು, ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿತು. ಇಂಡಿಕೇಟರ್ ಹಾಕಿ ಸರಿದಿದ್ದರೆ ಸುಮ್ಮನಿರುತ್ತಿತ್ತು. ಕೈಗೆ ಸ್ವಲ್ಪ ಬಲ ಕೊಟ್ಟರೂ ಬಿಟ್ಟುಕೊಡುತ್ತಿತ್ತು, ಏಕೆಂದರೆ ಈ ಎಳೆತವನ್ನು ಚಾಲಕನ ಕೈಗಿಂತ ದುರ್ಬಲವಾಗಿಯೇ ಇಟ್ಟಿರುತ್ತಾರೆ.

‘ಹಂಗಾದ್ರೆ ಇದು ನಮ್ಮ ಲಾರಿ ಕ್ಲೀನರ್ ಇದ್ದಂಗೆ’ ಅಂದರು ಭಾವ. ಚಾಲಕ ಸಹಾಯಕ ವ್ಯವಸ್ಥೆಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ. ಎಡಗಡೆ ಬಾಗಿಲಿನಿಂದ ತಲೆ ಹೊರಗೆ ಹಾಕಿ ‘ಬರ್ಲಿ, ಬರ್ಲಿ, ಹೋಲ್ಡಾನ್’ ಎಂದು ಲಾರಿಯ ಮೈ ತಟ್ಟುವ ಹುಡುಗ ಚಾಲಕನಿಗೆ ಕಾಣದ್ದನ್ನು ಕಾಣುತ್ತಾನೆ. ಆದರೆ ಅವನಿಗೆ ಎಲ್ಲವೂ ಕಾಣುವುದಿಲ್ಲ, ಗಾಡಿ ಓಡಿಸುವವನೂ ಅವನಲ್ಲ. ಹೊಸ ಕಾರು ಕೊಂಡವರು ಮೊದಲು ತಿಳಿಯಬೇಕಾದ್ದು ತಮ್ಮ ಕ್ಲೀನರ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನೇ.

ಭಾವನ ಊರೂ ರಾಮನಗರವೇ, ಬೆಂಗಳೂರು–ಮೈಸೂರು ದಾರಿಯ ರೇಷ್ಮೆಗೂಡಿನ ರಾಮನಗರ. ಅಲ್ಲಿಂದ ಹೈದರಾಬಾದು, ನಾಗಪುರ, ಜಬಲ್ಪುರ, ರೀವಾ, ಮಿರ್ಜಾಪುರ ಹಾದು ಗಂಗೆಯ ದಂಡೆಯ ರಾಮನಗರಕ್ಕೆ ಹೆಚ್ಚುಕಡಿಮೆ 1,800 ಕಿಲೋಮೀಟರ್. ಕಾಶಿ ಎಡದಂಡೆಯಲ್ಲಿದ್ದರೆ ಕಾಶಿಯ ಅರಸರ ಈ ಊರು ಹೊಳೆಯ ಆಚೆ ಇದೆ. ಮಹಾರಾಜ ಬಲವಂತ ಸಿಂಗ್ 18ನೇ ಶತಮಾನದ ನಡುವೆ ಚುನಾರಿನ ಮರಳುಗಲ್ಲಿನಿಂದ ಕಟ್ಟಿಸಿದ ಕೋಟೆಯ ಒಳಗೆ ಈಗೊಂದು ವಸ್ತುಸಂಗ್ರಹಾಲಯ. ಅಂಬಾರಿಗಳು, ಪಲ್ಲಕ್ಕಿಗಳು, ಆಯುಧಗಳು, ಅವುಗಳ ಜೊತೆಗೆ ಅಮೆರಿಕದ ಹಳೆಯ ಕಾರುಗಳು. ಯಾತ್ರೆಗೆ ಬಂದ ಕನ್ನಡದವರು ಹನುಮಾನ್ ಘಾಟಿನ ಛತ್ರ, ಜಂಗಮವಾಡಿ ಮಠ, ವಿಶ್ವನಾಥನ ಗುಡಿ ಮುಗಿಸಿ ಸಮಯವಿದ್ದರೆ ಇಲ್ಲಿಗೆ ಬರುತ್ತಾರೆ. ಬರಬೇಕು. ಕಾರಿನ ಹಿಡಿಕೆ, ಪೆಡಲುಗಳ ಇತಿಹಾಸ ಕಲಿಯಲು ಇದು ಒಳ್ಳೆಯ ಜಾಗ.

ಪಲ್ಲಕ್ಕಿಯಿಂದಲೇ ಶುರು ಮಾಡೋಣ. ಹಿಂದೆ ಹೊರುವ ಬೋಯಿಗೆ ಮುಂದಿನ ನೆಲ ಕಾಣುವುದಿಲ್ಲ. ಕಲ್ಲು, ಹಳ್ಳ, ನೀರು ಬಂದರೆ ಮುಂದಿನವನು ಕೂಗಿ ಹೇಳುತ್ತಿದ್ದ, ಹಿಂದಿನವನು ಹೆಜ್ಜೆ ಬದಲಿಸುತ್ತಿದ್ದ. ಕಂಡವನು ಕಾಣದವನಿಗೆ ತಿಳಿಸುವ ಏರ್ಪಾಟು ಮೋಟಾರಿಗಿಂತ ಹಳೆಯದು.

ಮೊದಲ ಕಾಲದ ಕಾರುಗಳಲ್ಲಿ ಅಂಥ ನೆರವು ಯಾವುದೂ ಇರಲಿಲ್ಲ. ಎಂಜಿನ್ನಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಸ್ಪಾರ್ಕ್ ಲಿವರನ್ನು ಹಿಂದಕ್ಕೆ ಇಡುವುದು ಮರೆತರೆ ಹ್ಯಾಂಡಲ್ ಹಿಮ್ಮುಖ ಒದೆಯುತ್ತಿತ್ತು, ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು ಹಿಡಿಯಬೇಕೆಂಬ ಪಾಠ ಅದಕ್ಕಾಗಿ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಈ ಕಷ್ಟ ತಪ್ಪುತ್ತ ಬಂತು. ಇವತ್ತು ನಾವು ಒತ್ತುವ ಬಟನ್ ಅದರ ಮೊಮ್ಮಗ. ಗೇರಿನಲ್ಲೂ ಹಾಗೇ. 1928ರಲ್ಲಿ ಅದೇ ಕ್ಯಾಡಿಲಾಕ್ ಸಿಂಕ್ರೋಮೆಶ್ ತರುವವರೆಗೆ ಗೇರು ಬದಲಿಸಲು ಕ್ಲಚ್ಚನ್ನು ಎರಡು ಸಲ ಒತ್ತಿ ಹಲ್ಲುಗಳ ವೇಗ ಹೊಂದಿಸಬೇಕಿತ್ತು. ಭಾವ ಇದನ್ನು ಕೇಳಿ ನಕ್ಕರು. ಅವರು ಕಲಿತ ಮೊದಲ ಬಸ್ಸಿನಲ್ಲೂ ಡಬಲ್ ಕ್ಲಚ್ಚೇ.

ಇನ್ನು ಪೆಡಲು. ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ಆಕ್ಸಿಲರೇಟರ್ ಎಂಬುದು ಸೃಷ್ಟಿಯ ನಿಯಮದ ಹಾಗೆ ಕಾಣುತ್ತದೆ. ಆದರೆ 1908ರಿಂದ 1927ರವರೆಗೆ ಕೋಟಿಗೂ ಹೆಚ್ಚು ಮಾರಾಟವಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ನಡುವಿನ ಪೆಡಲು ಒತ್ತಿದರೆ ಕಾರು ಹಿಂದಕ್ಕೆ ಹೋಗುತ್ತಿತ್ತು! ಬ್ರೇಕು ಬಲಗಡೆ, ಎಡಗಾಲಿಗೆ ಗೇರು, ವೇಗ ಹೆಚ್ಚಿಸಲು ಸ್ಟೇರಿಂಗ್ ಕೆಳಗಿನ ಲಿವರು. ಇಂದಿನ ಜೋಡಣೆ 1916ರ ಇನ್ನೊಂದು ಕ್ಯಾಡಿಲಾಕ್‌ನಲ್ಲಿ ಕಾಣಿಸಿಕೊಂಡು, 1922ರ ಪುಟ್ಟ ಆಸ್ಟಿನ್ ಸೆವೆನ್ ಮೂಲಕ ಮನೆಮಾತಾಯಿತು. ಇದರ ಜಾಣತನ ಇರುವುದು ಬ್ರೇಕು, ಆಕ್ಸಿಲರೇಟರ್ ಎರಡನ್ನೂ ಒಂದೇ ಕಾಲಿಗೆ ಕೊಟ್ಟಿರುವುದರಲ್ಲಿ. ಒಂದನ್ನು ಒತ್ತಬೇಕಾದರೆ ಇನ್ನೊಂದನ್ನು ಬಿಡಲೇಬೇಕು. ಆಟೋಮ್ಯಾಟಿಕ್ ಕಾರಿಗೆ ಬಂದವರು ಖಾಲಿ ಇರುವ ಎಡಗಾಲನ್ನು ಬ್ರೇಕಿಗೆ ಹಚ್ಚುವುದುಂಟು. ಕ್ಲಚ್ಚಿಗೆ ಪಳಗಿದ ಎಡಗಾಲಿಗೆ ಪೂರ್ತಿ ತುಳಿಯುವುದೊಂದೇ ಗೊತ್ತು. ಕಾರು ತಟ್ಟನೆ ನಿಲ್ಲುತ್ತದೆ, ಹಿಂದಿನವನು ಬಂದು ಗುದ್ದುತ್ತಾನೆ. ಎಡಗಾಲನ್ನು ಪಕ್ಕದ ಕಾಲ್ಮಣೆಯ ಮೇಲೆ ಇಟ್ಟು ಮರೆತುಬಿಡಬೇಕು.

ಹೊರಡುವ ಮುನ್ನ ಕೂರುವುದನ್ನು ಸರಿಮಾಡಿಕೊಳ್ಳಿ. ಬೆನ್ನು ಸೀಟಿಗೆ ಒರಗಿರುವಾಗ ಚಾಚಿದ ಕೈಯ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ತಾಗಬೇಕು, ಬ್ರೇಕನ್ನು ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಿದಿರಬೇಕು. ಎದೆಗೂ ಸ್ಟೇರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಇರಬೇಕು, ಅಂದರೆ ಒಂದು ಗೇಣಿಗಿಂತ ಹೆಚ್ಚು. ಏರ್‌ಬ್ಯಾಗು ಅಷ್ಟು ಜಾಗದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಉಬ್ಬುತ್ತದೆ. ಬೆಲ್ಟು ಹಾಕದವನನ್ನು ಅದು ಕಾಪಾಡುವುದಿರಲಿ, ಗಾಯ ಮಾಡಲೂಬಹುದು. ವೋಲ್ವೋ ಎಂಜಿನಿಯರ್ ನೀಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಮೂರು ಬಿಂದುವಿನ ಬೆಲ್ಟಿನಷ್ಟು ಜೀವ ಉಳಿಸುವ ವಸ್ತು ಕಾರಿನಲ್ಲಿ ಇವತ್ತಿಗೂ ಬೇರೊಂದಿಲ್ಲ.

ಡ್ಯಾಶ್‌ಬೋರ್ಡಿನ ದೀಪಗಳಿಗೆ ಹೆದರುವವರು ಬಹಳ. ಚಿತ್ರ ಗುರುತಾಗದಿದ್ದರೂ ಬಣ್ಣ ನೋಡಿದರೆ ಅರ್ಧ ತಿಳಿಯುತ್ತದೆ. ಹಸಿರು, ನೀಲಿ ಎಂದರೆ ಏನೋ ಚಾಲೂ ಇದೆ ಅಷ್ಟೆ. ನೀಲಿ ಹೈಬೀಮಿನ ಗುರುತು, ಎದುರಿನವನ ಕಣ್ಣು ಕುಕ್ಕುತ್ತಿದ್ದೀರಿ ಎಂದರ್ಥ. ಹಳದಿ ಬಂದರೆ ಗಮನಿಸಿ, ಬೇಗ ತೋರಿಸಿ. ಕೆಂಪು ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಕೆಂಪಿನಲ್ಲೂ ಎಣ್ಣೆ ಡಬ್ಬಿಯ ಚಿತ್ರ ಬಂತೆಂದರೆ ಎಂಜಿನ್ ಆಯಿಲಿನ ಒತ್ತಡ ಬಿದ್ದುಹೋಗಿದೆ. ಮುಂದಿನ ಊರಿನವರೆಗೆ ಹೋಗಿ ನೋಡೋಣ ಎನ್ನಬೇಡಿ, ಅಷ್ಟರಲ್ಲಿ ಎಂಜಿನ್ನು ಹಿಡಿದುಕೊಂಡಿರುತ್ತದೆ. ಹಳದಿಯಲ್ಲಿ ಎಬಿಎಸ್ ಎಂದು ನಿಂತರೆ ಮಾಮೂಲಿ ಬ್ರೇಕು ಹಿಡಿಯುತ್ತದೆ, ಆದರೆ ಚಕ್ರ ಜಾಮ್ ಆಗುವುದನ್ನು ತಪ್ಪಿಸುವ ನೆರವು ಇಲ್ಲ.

ಈ ಎಬಿಎಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಗಿದೆ, ಆದರೂ ಬಳಸುವುದನ್ನು ಕಲಿಸುವ ಡ್ರೈವಿಂಗ್ ಸ್ಕೂಲು ಕಡಿಮೆ. ಹಳಬರು ಕಲಿತದ್ದು ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುವುದನ್ನು, ಚಕ್ರ ಜಾಮ್ ಆಗಿ ಗಾಡಿ ಜಾರಬಾರದೆಂದು. ಎಬಿಎಸ್ ಆ ಕೆಲಸವನ್ನೇ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ತಾನೇ ಮಾಡುತ್ತದೆ. ಆಗ ಪೆಡಲು ಕಾಲಿನಡಿ ಕಟಕಟ ನಡುಗುತ್ತದೆ. ಏನೋ ಮುರಿಯಿತು ಎಂದು ಕಾಲು ತೆಗೆದರೆ ಬ್ರೇಕೇ ಹೋಯಿತು. ನಡುಗಲಿ, ಗಟ್ಟಿಯಾಗಿ ಒತ್ತಿಯೇ ಇರಿ, ಸ್ಟೇರಿಂಗ್ ತಿರುಗಿಸಿ ಅಡ್ಡ ಬಂದದ್ದನ್ನು ತಪ್ಪಿಸಿ. ಎಬಿಎಸ್ ಇರುವುದು ಮುಖ್ಯವಾಗಿ ಹೀಗೆ ತಿರುಗಿಸಲು ಆಗಲಿ ಎಂದು. ಬಿಡಿಜಲ್ಲಿಯ ಮೇಲೆ ನಿಲ್ಲುವ ದೂರ ಇದರಿಂದ ಹೆಚ್ಚೂ ಆಗಬಹುದು. ಮಣ್ಣಿನ ಖಾಲಿ ಮೈದಾನದಲ್ಲಿ ನಿಧಾನ ವೇಗದಲ್ಲಿ ಒಮ್ಮೆ ಬೇಕೆಂದೇ ಒತ್ತಿ ನೋಡಿ, ಆ ನಡುಕ ಕಾಲಿಗೆ ಪರಿಚಯವಾಗಲಿ.

ನಮ್ಮ ರಾಮನಗರದ ಹೆದ್ದಾರಿಯಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿಲೋಮೀಟರ್. ಆ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು ಸುಮಾರು 28 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ಮುಗಿಯಿತು. ಒಣ ರಸ್ತೆಯಲ್ಲೂ ಪೂರ್ತಿ ನಿಲ್ಲುವ ಹೊತ್ತಿಗೆ 70 ಮೀಟರ್ ದಾಟಿರುತ್ತದೆ. ಚಾಲಕನ ಆ ಒಂದು ಸೆಕೆಂಡನ್ನು ಕಡಿಮೆ ಮಾಡುವುದೇ ಹೊಸ ಸಹಾಯಕ ವ್ಯವಸ್ಥೆಗಳ ಮುಖ್ಯ ಕೆಲಸ.

ಅದಕ್ಕೆ ಕಾರಿಗೆ ಎರಡು ಬಗೆಯ ಕಣ್ಣು. ಗಾಜಿನ ಹಿಂದಿನ ಕ್ಯಾಮೆರಾ ಗೆರೆ, ಜನ, ಫಲಕಗಳನ್ನು ಗುರುತಿಸುತ್ತದೆ. ಮುಂದಿನ ಲಾಂಛನದ ಅಥವಾ ಜಾಲರಿಯ ಹಿಂದೆ ಅಡಗಿರುವ ರಾಡಾರು ರೇಡಿಯೋ ಅಲೆ ಕಳಿಸಿ, ಮರಳಿ ಬಂದದ್ದರಿಂದ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಮುಂದಿನ ಗಾಡಿ ನಿಧಾನವಾದರೆ ತಾನೂ ನಿಧಾನವಾಗುವ ಅಡಾಪ್ಟಿವ್ ಕ್ರೂಸ್, ಡಿಕ್ಕಿ ಖಚಿತ ಎನಿಸಿದಾಗ ತಾನೇ ಹಿಡಿಯುವ ಬ್ರೇಕು, ಎರಡೂ ಈ ಕಣ್ಣುಗಳನ್ನೇ ನಂಬಿವೆ.

ನಮ್ಮ ರಸ್ತೆಯ ದೊಡ್ಡ ಅಪಾಯವೂ ಇಲ್ಲೇ ಇದೆ. ರಾಡಾರಿಗೆ ಸೇತುವೆ, ಫಲಕ, ಕಂಬ, ತಡೆಗೋಡೆ ಎಲ್ಲದರಿಂದಲೂ ಅಲೆ ಮರಳಿ ಬರುತ್ತದೆ. ನಿಂತಿರುವ ಪ್ರತಿಯೊಂದಕ್ಕೂ ಬ್ರೇಕು ಹಾಕುತ್ತ ಹೋದರೆ ಕಾರು ಮುಂದೆ ಸಾಗುವುದೇ ಇಲ್ಲ. ಹಾಗಾಗಿ ಹೆಚ್ಚಿನ ವೇಗದಲ್ಲಿ ನಿಂತ ವಸ್ತುಗಳನ್ನು ಅನೇಕ ವ್ಯವಸ್ಥೆಗಳು ಬದಿಗಿಡುತ್ತವೆ. ರಾತ್ರಿ ಆಕ್ಸಲ್ ಮುರಿದು, ಹಿಂದೆ ದೀಪವಿಲ್ಲದೆ, ನಾಲ್ಕು ಕಲ್ಲು ಇಟ್ಟುಕೊಂಡು ಹೆದ್ದಾರಿಯಲ್ಲಿ ನಿಂತ ಲಾರಿಯೂ ಹಾಗೆ ಬದಿಗೆ ಹೋಗಬಹುದು. ಓಡುತ್ತಿರುವ ಲಾರಿಯನ್ನು ಚೆನ್ನಾಗಿ ಹಿಂಬಾಲಿಸುವ ಕಾರು, ನಿಂತ ಲಾರಿಯನ್ನು ತಡವಾಗಿ ನೋಡೀತು. ರಾತ್ರಿ ಕ್ರೂಸ್ ಹಾಕಿ ಕಾಲು ಚಾಚುವವರಿಗೆ ಇದನ್ನು ನಾನು ಸಿಕ್ಕಸಿಕ್ಕಲ್ಲಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಮಾರುವ ಕಾರುಗಳು ಸ್ವಯಂಚಾಲನೆಯನ್ನು ಅಳೆಯುವ ಸೊನ್ನೆಯಿಂದ ಐದರವರೆಗಿನ ಶ್ರೇಣಿಯಲ್ಲಿ ಹೆಚ್ಚೆಂದರೆ ಎರಡನೆಯ ಹಂತದವು. ಸ್ಟೇರಿಂಗನ್ನೂ ವೇಗವನ್ನೂ ಒಟ್ಟಿಗೆ ನೋಡಿಕೊಳ್ಳಬಲ್ಲವು, ಆದರೆ ರಸ್ತೆಯ ಮೇಲಿನ ಕಣ್ಣು, ಹೊಣೆ ಎರಡೂ ಚಾಲಕನದೇ.

ನಾಗಪುರದ ಹತ್ತಿರ ನಮ್ಮ ಕಾರಿನ ಪರದೆಯಲ್ಲಿ ‘ಮುಂದಿನ ರಾಡಾರಿಗೆ ಅಡ್ಡಿ’ ಎಂಬರ್ಥದ ಸಂದೇಶ ಬಂದಿತ್ತು. ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ. ಆಯುಧ ಪೂಜೆ ಮುಗಿಸಿ ವಿಜಯದಶಮಿಯ ಬೆಳಿಗ್ಗೆ ಹೊರಟಿದ್ದೆವು. ಅಕ್ಕ ಲಾಂಛನಕ್ಕೆ ಗಂಧ, ಅರಿಸಿನ, ಕುಂಕುಮ ಬಳಿದು ಚೆಂಡುಹೂವಿನ ದಪ್ಪ ಹಾರ ಹಾಕಿದ್ದಳು. ದಾರಿಯಲ್ಲಿ ಮಳೆ ಬಂದು ಹಾರ ನೆನೆದಿತ್ತು. ನೀರು ತುಂಬಿದ ಹೂವು ರಾಡಾರಿನ ಅಲೆಯನ್ನು ಚೆನ್ನಾಗಿ ತಡೆಯುತ್ತದೆ. ಹಾರ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ವಲ್ಪ ಹೊತ್ತಿಗೆ ಸಂದೇಶ ಹೋಯಿತು. ಪೂಜೆ ಬಿಡಬೇಕಿಲ್ಲ, ಹಾರವನ್ನು ಬಾನೆಟ್ಟಿನ ಮೇಲೆ ಹಾಕಿ, ಲಾಂಛನವನ್ನೂ ಕನ್ನಡಿಯ ಹಿಂದಿನ ಗಾಜನ್ನೂ ಖಾಲಿ ಬಿಡಿ. ಕಾಶಿಯ ಕಡೆ ಗುಡಿಗಳಲ್ಲಿ ಮುಂಭಾಗಕ್ಕೆ ಕಟ್ಟುವ ಜರಿಯಂಚಿನ ಕೆಂಪು ಚುನರಿಗೂ ಇದೇ ಮಾತು.

ರಾಮನಗರಕ್ಕೆ ಬಂದಾಗ ಅಲ್ಲಿನ ರಾಮಲೀಲೆಯ ಕೊನೆಯ ದಿನಗಳು. ನಮ್ಮಲ್ಲಿ ಗಣಪತಿ ಬಿಡುವ ಅನಂತ ಚತುರ್ದಶಿಗೆ ಶುರುವಾಗಿ ಶರತ್ ಹುಣ್ಣಿಮೆಯವರೆಗೆ 31 ದಿನ ನಡೆಯುವ ಲೀಲೆ ಅದು. ಅಯೋಧ್ಯೆ ಒಂದು ಕಡೆ, ಲಂಕೆ ಇನ್ನೊಂದು ಕಡೆ, ಊರೇ ರಂಗಭೂಮಿ. ಕಥೆ ಜಾಗ ಬದಲಿಸಿದಂತೆ ಸಾವಿರಾರು ಜನ ರಸ್ತೆಯಲ್ಲಿ ನಡೆದುಕೊಂಡು ಹಿಂದೆ ಹೋಗುತ್ತಾರೆ. ಮೈಕಿಲ್ಲ, ವಿದ್ಯುದ್ದೀಪವಿಲ್ಲ. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮುಖಗಳು ಹೊಳೆದು ಮತ್ತೆ ಕತ್ತಲಿಗೆ ಸೇರುತ್ತವೆ.

ಆ ರಾತ್ರಿ ಕಾರು ತೆಗೆದು ಹೊರಟಾಗ ಸುತ್ತ ಜನವೋ ಜನ. ಎಲ್ಲ ಸೆನ್ಸರುಗಳೂ ಒಟ್ಟಿಗೆ ಬಡಿದುಕೊಳ್ಳತೊಡಗಿದವು, ಪರದೆಯ ನಾಲ್ಕೂ ಮೂಲೆ ಕೆಂಪಾಯಿತು. ಎಲ್ಲ ದಿಕ್ಕಿನಿಂದಲೂ ಕೂಗಿದರೆ ಯಾವ ದಿಕ್ಕಿಗೆ ಹೋಗುವುದು? ಮಂಕು ಬೆಳಕಿನಲ್ಲಿ ಕಂಬಳಿ ಹೊದ್ದು ಒಬ್ಬರ ಹಿಂದೊಬ್ಬರು ನಡೆಯುವವರನ್ನು ಕ್ಯಾಮೆರಾ ಬೇರೆಬೇರೆಯಾಗಿ ಗುರುತಿಸುತ್ತದೆಂಬ ಭರವಸೆಯೂ ಇರಲಿಲ್ಲ. ಭಾವ ಬ್ರೇಕಿನ ಮೇಲೆ ಕಾಲಿಟ್ಟು ಕಿಟಕಿ ಇಳಿಸಿದರು.

‘ಇಳಿದು ಮುಂದೆ ನಡಿಯೋ’ ಅಂದರು.

ನಾನು ಇಳಿದು ಬಾನೆಟ್ಟಿನ ಎಡಮೂಲೆಯ ಮೇಲೆ ಕೈಯಿಟ್ಟು ನಡೆದೆ. ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಅಡ್ಡ ಬಂದರು, ಎರಡು ಸಲ ತಟ್ಟಿದೆ. ಕಾರು ನಿಂತಿತು. ಅವರು ದಾಟಿದ ಮೇಲೆ ‘ಬರ್ಲಿ ಭಾವ, ಬರ್ಲಿ’ ಅಂದೆ.