ಸೈಲೆನ್ಸರ್‌ನೊಳಗಿನ ಸಿಡಿಲು

ಕಾಡಿನ ಮಣ್ಣುದಾರಿ, ಕಡಿದಾದ ತಿರುವು. ಶರವೇಗದಲ್ಲಿ ನುಗ್ಗಿಬಂದ ರ‍್ಯಾಲಿ ಕಾರಿನ ಚಾಲಕ ಆಕ್ಸಿಲರೇಟರ್‌ನಿಂದ ಪಾದ ತೆಗೆಯುತ್ತಾನೆ. ಎಂಜಿನ್ ಉಸಿರು ತಗ್ಗಿಸಬೇಕಾದ ಆ ಕ್ಷಣದಲ್ಲೇ ಢಂ, ಢಮಾರ್! ಹಿಂಬದಿಯ ಕೊಳವೆಯಿಂದ ಜ್ವಾಲೆ ಚಿಮ್ಮುತ್ತದೆ. 1990ರ ದಶಕದಲ್ಲಿ ಸುಬಾರು ಇಂಪ್ರೆಜಾ, ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್, ಟೊಯೊಟಾ ಸೆಲಿಕಾಗಳು ವಿಶ್ವ ರ‍್ಯಾಲಿ ಪಥಗಳಲ್ಲಿ ಸುರಿಸಿದ ಈ ಅಗ್ನಿವರ್ಷದ ಹಿಂದೆ ಇದ್ದದ್ದು ಎಂಜಿನಿಯರ್‌ಗಳ ನಿಖರ ಲೆಕ್ಕಾಚಾರ.

ಸಿಲಿಂಡರಿನೊಳಗೇ ಉರಿದು ಮುಗಿಯಬೇಕಾದ ಪೆಟ್ರೋಲ್ ಅರೆಬರೆ ದಹಿಸಿ ಹೊರಬಿದ್ದು, ಕಾದ ಎಕ್ಸಾಸ್ಟ್ ಕೊಳವೆಯಲ್ಲಿ ಗಾಳಿ ಸಿಕ್ಕೊಡನೆ ಭುಗಿಲೇಳುವುದೇ ಈ ಸ್ಫೋಟದ ಮೂಲ. ಕಾರ್ಬ್ಯುರೇಟರ್ ಯುಗದಲ್ಲಿ ಇದು ರೋಗಲಕ್ಷಣ. ಥ್ರಾಟಲ್ ಮುಚ್ಚಿದಾಗ ಮಿಶ್ರಣದ ಹದ ಕೆಟ್ಟು ಕಿಡಿ ತಪ್ಪುತ್ತಿತ್ತು. ಎಕ್ಸಾಸ್ಟ್ ಜೋಡಣೆಯ ಸಂದಿನಿಂದ ಒಳನುಸುಳಿದ ಗಾಳಿ ಉಳಿದ ಕೆಲಸ ಮುಗಿಸುತ್ತಿತ್ತು. ಸದ್ದು ಕೇಳಿದ ಮೆಕ್ಯಾನಿಕ್ ನೇರವಾಗಿ ಕಿಡಿಯ ಟೈಮಿಂಗ್‌ಗೇ ಕೈಹಾಕುತ್ತಿದ್ದ. ಇಂಜೆಕ್ಷನ್ ತಂತ್ರಜ್ಞಾನ ಬಂದ ಮೇಲೆ, ಕಾಲೆತ್ತಿದೊಡನೆ ಇಂಧನವನ್ನೇ ನಿಲ್ಲಿಸುವ ವ್ಯವಸ್ಥೆಯಿಂದ ಕೊಳವೆ ಬಹುಮಟ್ಟಿಗೆ ಮೌನವಾಯಿತು.

ಆ ಮೌನವನ್ನು ಮುರಿದದ್ದು ಟರ್ಬೊ ಸ್ಪರ್ಧೆ. ಎಕ್ಸಾಸ್ಟ್ ಅನಿಲದ ಬಲದಿಂದ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೈನ್, ಚಾಲಕ ಕಾಲೆತ್ತಿದಾಗ ಸೊರಗುತ್ತದೆ. ಮತ್ತೆ ವೇಗ ಪಡೆಯಲು ತಗಲುವ ಕ್ಷಣಗಳಲ್ಲಿ ಪಂದ್ಯವೇ ಕೈಜಾರಬಹುದು. ಇದಕ್ಕೆ ಕಂಡುಕೊಂಡ ಉಪಾಯವೇ ಆಂಟಿ-ಲ್ಯಾಗ್. ಥ್ರಾಟಲನ್ನು ತುಸು ತೆರೆದೇ ಇರಿಸಿ, ಪಿಸ್ಟನ್ ಸಾಕಷ್ಟು ಕೆಳಗಿಳಿದ ಬಳಿಕ ಕಿಡಿ ಹಾರಿಸಿದರೆ, ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಬೆಂಕಿ ಉರಿಯುತ್ತಲೇ ಇರುತ್ತದೆ. ಮ್ಯಾನಿಫೋಲ್ಡ್ ಒಂದು ಪುಟ್ಟ ಕುಲುಮೆಯಾಗಿ ಟರ್ಬೈನನ್ನು ತಿರುಗಿಸುತ್ತದೆ. ನಮ್ಮ ಕಣ್ಣು, ಕಿವಿಗಳನ್ನು ತಣಿಸಿದ ಜ್ವಾಲೆ, ಗರ್ಜನೆಗಳು ಈ ಕೆಲಸದ ಉಪೋತ್ಪನ್ನ ಮಾತ್ರ. ಟೊಯೊಟಾ 1994ರಲ್ಲಿ ರ‍್ಯಾಲಿ ಅರ್ಹತೆಗಾಗಿ ತಯಾರಿಸಿದ 2,500 ಸೆಲಿಕಾ ಜಿಟಿ-ಫೋರ್ ಕಾರುಗಳಲ್ಲಿ ಆಂಟಿ-ಲ್ಯಾಗ್ ವ್ಯವಸ್ಥೆಯ ಕೊಳವೆಗಳನ್ನು ಜೋಡಿಸಿಯೇ ಮಾರಿತ್ತು, ಚಾಲೂ ಮಾಡದೆ!

ಫಾರ್ಮುಲಾ ಒನ್ ಈ ವಿದ್ಯೆಯನ್ನು ಮತ್ತೊಂದು ಎತ್ತರಕ್ಕೆ ಒಯ್ದಿತು. 2011ರಲ್ಲಿ ರೆಡ್ ಬುಲ್ ಆರ್‌ಬಿ7ರಂಥ ಕಾರುಗಳು, ಕಾಲೆತ್ತಿದಾಗಲೂ ಎಕ್ಸಾಸ್ಟ್ ಅನಿಲವನ್ನು ಕಾರಿನ ತಳದ ಡಿಫ್ಯೂಸರ್‌ನತ್ತ ಹರಿಸಿ ನೆಲದ ಹಿಡಿತ ಹೆಚ್ಚಿಸಿಕೊಂಡವು. ತಿರುವುಗಳಲ್ಲಿ ಕೇಳುತ್ತಿದ್ದ ಆ ಕರ್ಕಶ ತಟಪಟ ಸದ್ದಿಗೆ ಭಾರತವೂ ಸಾಕ್ಷಿಯಾಯಿತು: ಅದೇ ವರ್ಷದ ಅಕ್ಟೋಬರ್‌ನಲ್ಲಿ ಬುದ್ಧ ಸರ್ಕ್ಯೂಟ್‌ನ ಚೊಚ್ಚಲ ಗ್ರ್ಯಾನ್ ಪ್ರೀಯನ್ನು ಸೆಬಾಸ್ಟಿಯನ್ ವೆಟಲ್ ಗೆದ್ದದ್ದು ಇದೇ ಕಾರಿನಲ್ಲಿ. ಮರುವರ್ಷ ನಿಯಮ ಬದಲಾಗಿ ಆ ತಂತ್ರಕ್ಕೆ ತೆರೆಬಿತ್ತು.

ಈ ಸಿಡಿತ ಷೋರೂಮಿನ ಕಾರುಗಳಿಗೆ ಬಂದಾಗ ಸದ್ದೇ ಉದ್ದೇಶವಾಯಿತು. ಜಾಗ್ವಾರ್ ಎಫ್-ಟೈಪ್, ಹ್ಯುಂಡೈ ಐ30 ಎನ್ ಮೊದಲಾದವು ಸ್ಪೋರ್ಟ್ ಮೋಡ್‌ನಲ್ಲಿ ಕಾಲೆತ್ತಿದೊಡನೆ ಹಿತಮಿತವಾಗಿ ಸಿಡಿಯುತ್ತವೆ. ಕಾರ್ಖಾನೆಯಲ್ಲೇ ಶ್ರುತಿಗೊಳಿಸಿದ ಸಿಡಿತವದು. ಗ್ಯಾರೇಜಿನಲ್ಲಿ ಎಂಜಿನ್ ನಿಯಂತ್ರಕ ಇಸಿಯುವನ್ನು ತಿದ್ದಿಸಿ ಪಡೆಯುವ ಅಬ್ಬರದ ಕಥೆಯೇ ಬೇರೆ. ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಪದೇ ಪದೇ ಬೆಂಕಿ ಎದ್ದರೆ ಅದರ ಜೇನುಗೂಡಿನಂಥ ಪಿಂಗಾಣಿ ಕರಗುತ್ತದೆ, ಟರ್ಬೊ ಬಳಲುತ್ತದೆ, ವಾಲ್ವ್‌ಗಳು ಸುಡುತ್ತವೆ. ಉಡುಪಿ, ಶಿವಮೊಗ್ಗಗಳಲ್ಲಿ ಪೊಲೀಸರು ವಾಹನಗಳ ಕರ್ಕಶ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹರಿಸಿದ್ದೂ ಉಂಟು. ನೆರೆಹೊರೆಯ ನಿದ್ದೆಯನ್ನು ನೆನೆದರೆ ಅದು ಅತಿಯೆನಿಸದು.

ಯುರೋಪಿನ ಶಬ್ದಮಿತಿಗಳೂ 2018ರಿಂದೀಚೆಗೆ ವ್ಯಾಪಕವಾದ ಪೆಟ್ರೋಲ್ ಕಾರುಗಳ ಹೊಗೆಯ ಕಣ ಸೋಸುವ ಫಿಲ್ಟರ್‌ಗಳೂ ಕಂಪನಿಗಳ ಈ ಉತ್ಸಾಹವನ್ನು ತಗ್ಗಿಸಿವೆ. ಆದರೂ ಮೋಹ ಬಿಟ್ಟಿಲ್ಲ: 2023ರಲ್ಲಿ ಅನಾವರಣಗೊಂಡ ಹ್ಯುಂಡೈನ ವಿದ್ಯುತ್ ಕಾರು ಅಯಾನಿಕ್ 5 ಎನ್, ಎಂಜಿನ್ನೇ ಇಲ್ಲದಿದ್ದರೂ, ಕಾಲೆತ್ತಿದಾಗ ಸ್ಪೀಕರ್‌ಗಳ ಮೂಲಕ ಪಟಪಟ ಸಿಡಿಯುತ್ತದೆ.