ಪ್ರಜ್ಞೆ ತಪ್ಪಿದವನಿಗೆ ನೆರವು: ವರ್ತಕರಿಗಿರುವ ಕಾನೂನಿನ ರಕ್ಷಣೆ

ಅಳವಂಡಿಯ ಗೋದಾಮೊಂದರ ಮುಂದೆ ಲಾರಿ ಚಾಲಕನೊಬ್ಬ ಕುಸಿದು ಬಿದ್ದನೆನ್ನೋಣ. ಅಫೀಮಿನ ಅಮಲೆಂಬ ಗುಮಾನಿಯಿದ್ದರಂತೂ ಪೊಲೀಸು, ಕೋರ್ಟು ಎಂದು ಮಾಲೀಕರು ಹಿಂಜರಿಯುತ್ತಾರೆ. ಈ ಭಯ ಬಹುಮಟ್ಟಿಗೆ ನಿರಾಧಾರ.

ಸಮ್ಮತಿ ನೀಡಲಾಗದ ಸ್ಥಿತಿಯಲ್ಲಿರುವವನ ಹಿತಕ್ಕಾಗಿ ಸದ್ಭಾವನೆಯಿಂದ ಮಾಡಿದ ಕಾರ್ಯವನ್ನು, ಅದರಿಂದ ಹಾನಿಯಾದರೂ, ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮು ಅಪರಾಧವೆಂದು ಗಣಿಸುವುದಿಲ್ಲ. ಹಳೆಯ ದಂಡ ಸಂಹಿತೆಯ 92ನೆಯ ಕಲಮೂ ಇದನ್ನೇ ಹೇಳುತ್ತಿತ್ತು. ರಸ್ತೆ ಅಪಘಾತವಾದರೆ, ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 134-ಎ ಕಲಮು ನೆರವಾದವನನ್ನು ಸಿವಿಲ್ ಹೊಣೆಯಿಂದಲೂ ಬಿಡಿಸುತ್ತದೆ. ಕರ್ನಾಟಕವಂತೂ 2016ರಲ್ಲಿಯೇ ತನ್ನದೇ ಶಾಸನ ರೂಪಿಸಿತ್ತು.

ಆದರೆ ಸದ್ಭಾವನೆಗೆ ಕಾನೂನಿನಲ್ಲಿ ತಕ್ಕ ಎಚ್ಚರಿಕೆಯೂ ಸೇರಿದೆ. ಕೈಗೆ ಸಿಕ್ಕ ಸೂಜಿ ಚುಚ್ಚುವುದಲ್ಲ. ಅಫೀಮು ವರ್ಗದ ವಿಷಕ್ಕೆ ಪ್ರತ್ಯೌಷಧವಾದ ನಲಾಕ್ಸೋನ್ ಮೂಗಿನ ಸಿಂಪಡಣೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅಮೆರಿಕ 2023ರಲ್ಲಿ ಒಪ್ಪಿತು. ನಮ್ಮಲ್ಲಿ ಅದು ಚೀಟಿಯ ಔಷಧ, ಅಂಗಡಿಯ ಪ್ರಥಮ ಚಿಕಿತ್ಸಾ ಪೆಟ್ಟಿಗೆಗೆ ಸೇರಿದ್ದಲ್ಲ. 108ಕ್ಕೆ ಕರೆಮಾಡಿ, ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಸೇವಿಸಿದ್ದು ತಿಳಿದಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಚಾಲಕನಿಗೆ ಮೊಕದ್ದಮೆಯಾದೀತೆಂಬ ಮರುಕವೇ ಇಲ್ಲಿ ಜೀವಕ್ಕೆ ಎರವಾಗುವುದುಂಟು. ಸೇವನೆ ಅಥವಾ ಅಲ್ಪ ಪ್ರಮಾಣದ ಆಪಾದನೆಯಷ್ಟೇ ಇರುವ ವ್ಯಸನಿ ಸ್ವ ಇಚ್ಛೆಯಿಂದ ಮಾನ್ಯ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪೂರೈಸಿದರೆ, ಮಾದಕ ವಸ್ತು ಕಾಯಿದೆಯ 64-ಎ ಕಲಮು ಅವನಿಗೆ ವಿನಾಯಿತಿ ನೀಡುತ್ತದೆ.