ಯೇಲ್: ಏನನ್ನು ಕಲಿಸಬೇಕು, ಯಾರಿಗೆ ಕಲಿಸಬೇಕು

ಅಮೆರಿಕದ ಈಶಾನ್ಯ ಕರಾವಳಿಯ ಕನೆಕ್ಟಿಕಟ್ ರಾಜ್ಯದಲ್ಲಿ, ನ್ಯೂ ಹೇವನ್ ಎಂಬ ಬಂದರು ಪಟ್ಟಣದಲ್ಲಿರುವ ಯೇಲ್ ವಿಶ್ವವಿದ್ಯಾಲಯವು ಅಮೆರಿಕ ಸ್ವತಂತ್ರ ದೇಶವಾಗುವುದಕ್ಕಿಂತ 75 ವರ್ಷ ಮೊದಲೇ ಹುಟ್ಟಿದ ಸಂಸ್ಥೆ. 1636ರ ಹಾರ್ವರ್ಡ್ ಮತ್ತು 1693ರ ವಿಲಿಯಂ ಅಂಡ್ ಮೇರಿ ಕಾಲೇಜುಗಳ ನಂತರ, ಆ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಯಸ್ಸಿನಿಂದ ಮೂರನೆಯ ಸ್ಥಾನ ಇದಕ್ಕೆ ಸಲ್ಲುತ್ತದೆ. ಮೂರು ಶತಮಾನಗಳನ್ನು ಮೀರಿದ ಇದರ ಚರಿತ್ರೆಯನ್ನು ಕಟ್ಟಡಗಳ ಅಥವಾ ಪ್ರಸಿದ್ಧ ವಿದ್ಯಾರ್ಥಿಗಳ ಪಟ್ಟಿಯಾಗಿ ಓದಬಹುದಾದರೂ, ಆ ಚರಿತ್ರೆಯನ್ನು ಒಳಗಿನಿಂದ ನಡೆಸಿದ್ದು ಎರಡು ಪ್ರಶ್ನೆಗಳು: ವಿದ್ಯಾವಂತನೆನ್ನಿಸಿಕೊಳ್ಳುವವನು ಏನನ್ನು ಕಲಿಯಬೇಕು ಎಂಬುದು ಒಂದು, ಹಾಗೆ ಕಲಿಯುವ ಹಕ್ಕು ಯಾರಿಗಿದೆ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಯೇಲ್ ಕಾಲಕಾಲಕ್ಕೆ ಹೊಸ ಉತ್ತರಗಳನ್ನು ಕಂಡುಕೊಂಡಿತು. ಎರಡನೆಯದಕ್ಕೆ ಉತ್ತರ ಬಹಳ ತಡವಾಗಿ ಬಂತು.

ಪಾದ್ರಿಗಳ ಶಾಲೆ

1701ರ ಅಕ್ಟೋಬರ್ 9ರಂದು ಕನೆಕ್ಟಿಕಟ್ ವಸಾಹತಿನ ಶಾಸನಸಭೆಯು ಚರ್ಚಿನ ಹಾಗೂ ರಾಜ್ಯದ ಸೇವೆಗೆ ತರುಣರನ್ನು ಸಿದ್ಧಪಡಿಸುವ ವಿದ್ಯಾಸಂಸ್ಥೆಯೊಂದನ್ನು ತೆರೆಯಲು ಅನುಮತಿಸುವ ಕಾಯಿದೆಯನ್ನು ಅಂಗೀಕರಿಸಿತು. ‘ಕಾಲೇಜಿಯೇಟ್ ಸ್ಕೂಲ್’ ಎಂಬ ಹೆಸರಿನ ಈ ಸಂಸ್ಥೆಯ ಹೊಣೆಯನ್ನು ಹತ್ತು ಮಂದಿ ಪಾದ್ರಿಗಳಿಗೆ ವಹಿಸಲಾಯಿತು. ಇವರೆಲ್ಲರೂ ಕಾಂಗ್ರಿಗೇಷನಲ್ ಪಂಥದವರು, ಅಂದರೆ ಪ್ರತಿಯೊಂದು ಊರಿನ ಭಕ್ತಸಮುದಾಯವೂ ಬಿಷಪ್ಪರ ಅಧೀನಕ್ಕೆ ಒಳಪಡದೆ ತನ್ನ ಚರ್ಚನ್ನು ತಾನೇ ನಡೆಸಿಕೊಳ್ಳಬೇಕೆಂದು ನಂಬಿದ ಪ್ರಾಟೆಸ್ಟಂಟ್ ಕ್ರೈಸ್ತರು. ಅವರಲ್ಲಿ ಹೆಚ್ಚಿನವರು ಹಾರ್ವರ್ಡಿನಲ್ಲಿ ಓದಿದವರೇ ಆಗಿದ್ದರೂ, ಅಲ್ಲಿ ಧರ್ಮನಿಷ್ಠೆ ಸಡಿಲಗೊಳ್ಳುತ್ತಿದೆಯೆಂಬ ಅಸಮಾಧಾನ ಆ ಕಾಲದ ಸಂಪ್ರದಾಯನಿಷ್ಠರಲ್ಲಿ ಬೆಳೆಯುತ್ತಿತ್ತು.

ಆರಂಭದ ಹದಿನೈದು ವರ್ಷ ಶಾಲೆಗೆ ನಿಂತ ನೆಲೆಯೇ ಇರಲಿಲ್ಲ. ‘ರೆಕ್ಟರ್’ ಎಂದು ಕರೆಯಲಾಗುತ್ತಿದ್ದ ಮುಖ್ಯಸ್ಥರ ಪೈಕಿ ಮೊದಲಿಗರಾದ ಅಬ್ರಹಾಂ ಪಿಯರ್ಸನ್ ಕಿಲ್ಲಿಂಗ್‌ವರ್ತ್ ಎಂಬ ಊರಿನ ತಮ್ಮ ಮನೆಯಲ್ಲೇ ಪಾಠ ಹೇಳುತ್ತಿದ್ದರು. 1707ರಲ್ಲಿ ಅವರು ತೀರಿಕೊಂಡ ಮೇಲೆ ಶಾಲೆ ಸೇಬ್ರೂಕಿಗೆ ಹೋಯಿತು. 1716ರಲ್ಲಿ ಅದನ್ನು ನ್ಯೂ ಹೇವನ್ನಿಗೆ ಸ್ಥಳಾಂತರಿಸಲು ನಿರ್ಧರಿಸಿದಾಗ ಸೇಬ್ರೂಕಿನವರು ಅದನ್ನು ಒಪ್ಪಲಿಲ್ಲ. ಎರಡು ವರ್ಷಗಳ ನಂತರ ಗ್ರಂಥಭಂಡಾರವನ್ನು ಗಾಡಿಗಳಲ್ಲಿ ಸಾಗಿಸಹೊರಟಾಗ ಜನರು ಅಡ್ಡಗಟ್ಟಿ, ದಾರಿಯ ಸೇತುವೆಗಳನ್ನು ಕೆಡವಿದರು. ಆ ಗಲಭೆಯಲ್ಲಿ ಸುಮಾರು 250 ಪುಸ್ತಕಗಳು ಕಳೆದುಹೋದವು. ಅಚ್ಚಿನ ಪುಸ್ತಕವೊಂದು ಹಡಗೇರಿ ಅಟ್ಲಾಂಟಿಕ್ ದಾಟಿ ಬರಬೇಕಾಗಿದ್ದ ಆ ಕಾಲದಲ್ಲಿ ಗ್ರಂಥಭಂಡಾರ ಎಲ್ಲಿರುತ್ತದೋ ಅಲ್ಲಿಯೇ ಕಾಲೇಜು ಎಂಬುದು ಎರಡೂ ಪಕ್ಷದವರಿಗೆ ತಿಳಿದಿತ್ತು.

ಅದೇ ಪುಸ್ತಕಗಳು ಬಹುಬೇಗ ಮತ್ತೊಂದು ಬಗೆಯ ಗಲಭೆಗೂ ಕಾರಣವಾದವು. ಲಂಡನ್ನಿನಲ್ಲಿ ವಸಾಹತಿನ ಪ್ರತಿನಿಧಿಯಾಗಿದ್ದ ಜೆರಮಾಯ ಡಮ್ಮರ್ 1714ರಲ್ಲಿ ಅಲ್ಲಿನ ವಿದ್ವಾಂಸರಿಂದ ಸಂಗ್ರಹಿಸಿ ಕಳುಹಿಸಿದ ನೂರಾರು ಗ್ರಂಥಗಳಲ್ಲಿ ಐಸಾಕ್ ನ್ಯೂಟನ್ ಕೊಟ್ಟ ಅವರದೇ ಕೃತಿಗಳೂ, ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಧರ್ಮಶಾಸ್ತ್ರ ಗ್ರಂಥಗಳೂ ಇದ್ದವು. ಅವುಗಳನ್ನು ಓದಿ ಚರ್ಚಿಸುತ್ತ ಬಂದ ರೆಕ್ಟರ್ ತಿಮೋತಿ ಕಟ್ಲರ್ 1722ರಲ್ಲಿ ಕೆಲವು ಸಂಗಡಿಗರೊಂದಿಗೆ ಆಂಗ್ಲಿಕನ್ ಪಂಥದತ್ತ ಒಲವು ಘೋಷಿಸಿ, ಹುದ್ದೆಯನ್ನು ಕಳೆದುಕೊಂಡರು. ನಂಬಿಕೆಯನ್ನು ಕಾಪಾಡಲೆಂದು ಕಟ್ಟಿದ ಶಾಲೆಯ ಮುಖ್ಯಸ್ಥರ ನಂಬಿಕೆಯನ್ನೇ ಆ ಶಾಲೆಯ ಗ್ರಂಥಭಂಡಾರ ಬದಲಿಸಿತ್ತು.

ಮದ್ರಾಸಿನಿಂದ ಬಂದ ಹೆಸರು

ಕಾಲೇಜಿನ ಈಗಿನ ಹೆಸರಿನ ಬೇರು ದಕ್ಷಿಣ ಭಾರತದಲ್ಲಿದೆ. 1649ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಎಳವೆಯಲ್ಲೇ ಇಂಗ್ಲೆಂಡಿಗೆ ಹೋದ ಎಲಿಹು ಯೇಲ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ 1672ರಲ್ಲಿ ಮದ್ರಾಸಿಗೆ ಬಂದು, 1687ರಿಂದ 1692ರವರೆಗೆ ಅಲ್ಲಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದ. ಕಂಪನಿಯ ಕೆಲಸದ ಜೊತೆಗೆ ಸ್ವಂತ ವ್ಯಾಪಾರದಿಂದ ಅಪಾರ ಸಂಪತ್ತು ಗಳಿಸಿದ ಈತ ಅಧಿಕಾರ ದುರುಪಯೋಗದ ಆರೋಪಗಳ ನಡುವೆ ಹುದ್ದೆಯಿಂದ ಇಳಿಯಬೇಕಾಯಿತು. ಈತ ಸದಸ್ಯನಾಗಿದ್ದ ಮದ್ರಾಸ್ ಆಡಳಿತ ಮಂಡಳಿಯು ಗುಲಾಮರ ಸಾಗಣೆಗೆ ಸಂಬಂಧಿಸಿದ ನಿರ್ಣಯಗಳನ್ನೂ ಕೈಗೊಂಡಿತ್ತೆಂಬುದು ಕೋಟೆಯ ದಾಖಲೆಗಳಿಂದ ತಿಳಿದುಬರುತ್ತದೆ. ಮದ್ರಾಸಿನಲ್ಲೇ ತೀರಿಕೊಂಡ ಈತನ ಪುಟ್ಟ ಮಗ ಡೇವಿಡ್‌ನ ಸಮಾಧಿ ಅಲ್ಲಿನ ಹೈಕೋರ್ಟ್ ಆವರಣದಲ್ಲಿದೆ.

ನ್ಯೂ ಹೇವನ್ನಿನ ಹೊಸ ಕಟ್ಟಡಕ್ಕೆ ಹಣ ಸಾಲದೆ ಹೋದಾಗ ಬಾಸ್ಟನ್ನಿನ ಪ್ರಸಿದ್ಧ ಪಾದ್ರಿ ಕಾಟನ್ ಮೇದರ್ ಲಂಡನ್ನಿನಲ್ಲಿದ್ದ ಎಲಿಹುವಿಗೆ ಪತ್ರ ಬರೆದು, ಕಾಲೇಜಿಗೆ ಆತನ ಹೆಸರನ್ನಿಡಬಹುದೆಂದು ಸೂಚಿಸಿದ. 1718ರಲ್ಲಿ ಎಲಿಹು ಕಳುಹಿಸಿದ್ದು ಒಂಬತ್ತು ಗಂಟು ಸರಕು, 417 ಪುಸ್ತಕಗಳು ಹಾಗೂ ದೊರೆ ಒಂದನೆಯ ಜಾರ್ಜನ ಭಾವಚಿತ್ರ. ಕ್ಯಾಲಿಕೊ, ಮಸ್ಲಿನ್ ಮೊದಲಾದ ಬಟ್ಟೆಗಳಿದ್ದ ಆ ಸರಕನ್ನು ಮಾರಿದಾಗ ಬಂದ ಹಣ ಸುಮಾರು 562 ಪೌಂಡ್. ಇಷ್ಟಕ್ಕೆ ಕಾಲೇಜು ಶಾಶ್ವತವಾಗಿ ಆತನ ಹೆಸರನ್ನು ಹೊತ್ತಿತು. ಅದಕ್ಕಿಂತ ಹೆಚ್ಚು ಪುಸ್ತಕಗಳನ್ನು ದೊರಕಿಸಿಕೊಟ್ಟ ಡಮ್ಮರನ ಹೆಸರು ಹಿಂದೆ ಸರಿಯಿತು.

ಪಠ್ಯದ ಜಗಳ

ಹದಿನೆಂಟನೆಯ ಶತಮಾನದ ಯೇಲ್‌ನಲ್ಲಿ ಎಲ್ಲ ವಿದ್ಯಾರ್ಥಿಗಳೂ ಒಂದೇ ಪಾಠವನ್ನು ಒಂದೇ ಕ್ರಮದಲ್ಲಿ ಓದುತ್ತಿದ್ದರು: ಲ್ಯಾಟಿನ್, ಗ್ರೀಕ್, ಹೀಬ್ರೂ, ತರ್ಕ, ಒಂದಿಷ್ಟು ಗಣಿತ, ಧರ್ಮಶಾಸ್ತ್ರ. ಆ ಶತಮಾನದ ಅರವತ್ತರ ದಶಕದವರೆಗೆ ತರಗತಿಯ ಹೆಸರುಪಟ್ಟಿಯನ್ನು ಅಕ್ಷರಕ್ರಮದಲ್ಲಾಗಲಿ ಪ್ರತಿಭೆಯ ಕ್ರಮದಲ್ಲಾಗಲಿ ಬರೆಯದೆ, ವಿದ್ಯಾರ್ಥಿಯ ಮನೆತನದ ಅಂತಸ್ತಿಗೆ ತಕ್ಕಂತೆ ಬರೆಯಲಾಗುತ್ತಿತ್ತು. ವಿಜ್ಞಾನ ಈ ಚೌಕಟ್ಟಿನೊಳಗೆ ಬಂದ ಬಗೆಯೂ ವಿಶಿಷ್ಟವಾದುದು. 1802ರಲ್ಲಿ ಅಧ್ಯಕ್ಷ ತಿಮೋತಿ ಡ್ವೈಟ್ ರಸಾಯನಶಾಸ್ತ್ರದ ಪೀಠಕ್ಕೆ ಕಾನೂನು ಓದಿದ್ದ ಬೆಂಜಮಿನ್ ಸಿಲಿಮನ್ ಎಂಬ ತರುಣನನ್ನು ನೇಮಿಸಿದರು. ನೇಮಕದ ನಂತರವೇ ಸಿಲಿಮನ್ ಫಿಲಡೆಲ್ಫಿಯಕ್ಕೂ ಎಡಿನ್‌ಬರೋಕ್ಕೂ ಹೋಗಿ ಆ ಶಾಸ್ತ್ರವನ್ನು ಕಲಿತು ಬಂದು, 1818ರಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯೊಂದನ್ನು ಆರಂಭಿಸಿದರು. ಅದು ಇಂದಿಗೂ ಪ್ರಕಟವಾಗುತ್ತಿದೆ.

ದೇಶದಲ್ಲಿ ಕಾರ್ಖಾನೆ, ಕಾಲುವೆ, ವ್ಯಾಪಾರಗಳು ಬೆಳೆಯುತ್ತಿದ್ದಂತೆ ಆಡುನುಡಿಗಳಲ್ಲದ ಪ್ರಾಚೀನ ಭಾಷೆಗಳನ್ನು ಇನ್ನೂ ಏಕೆ ಕಲಿಸಬೇಕು ಎಂಬ ಪ್ರಶ್ನೆ ಎದ್ದಿತು. ಇದಕ್ಕೆ ಉತ್ತರವಾಗಿ ಅಧ್ಯಕ್ಷ ಜೆರಮಾಯ ಡೇ ಮತ್ತು ಪ್ರಾಧ್ಯಾಪಕ ಜೇಮ್ಸ್ ಕಿಂಗ್ಸ್‌ಲಿ ಸಿದ್ಧಪಡಿಸಿದ 1828ರ ‘ಯೇಲ್ ವರದಿ’ ಅಮೆರಿಕದ ಶಿಕ್ಷಣ ಚರಿತ್ರೆಯ ಮುಖ್ಯ ದಾಖಲೆಗಳಲ್ಲಿ ಒಂದು. ಕಾಲೇಜು ಕಸುಬನ್ನು ಕಲಿಸುವ ಸ್ಥಳವಲ್ಲ. ಮುಂದೆ ಯಾವ ಕಸುಬನ್ನು ಹಿಡಿದರೂ ನೆರವಾಗುವಂತೆ ಬುದ್ಧಿಯನ್ನು ಮೊದಲು ಪಳಗಿಸಿ, ಆಮೇಲೆ ಅದನ್ನು ಅರಿವಿನಿಂದ ತುಂಬುವುದು ಅದರ ಕೆಲಸ. ಗ್ರೀಕ್, ಲ್ಯಾಟಿನ್, ಗಣಿತಗಳು ಬುದ್ಧಿಗೆ ಗರಡಿಮನೆಯಿದ್ದಂತೆ ಎಂಬುದು ಆ ವರದಿಯ ವಾದದ ಸಾರ. ಯಾವುದೇ ಒಂದು ಉದ್ಯೋಗಕ್ಕೆ ಕಟ್ಟುಬೀಳದ, ಮನಸ್ಸಿನ ಸರ್ವತೋಮುಖ ಬೆಳವಣಿಗೆಯನ್ನು ಗುರಿಯಾಗಿಟ್ಟುಕೊಂಡ ಈ ಬಗೆಯ ಕಲಿಕೆಗೆ ಉದಾರ ಶಿಕ್ಷಣವೆಂದು ಹೆಸರು. ವರದಿ ಕಾಪಾಡಹೊರಟ ಪಠ್ಯಕ್ರಮ ಕಾಲಕ್ರಮದಲ್ಲಿ ಕರಗಿಹೋದರೂ, ಅದು ಮುಂದಿಟ್ಟ ತತ್ವ ಅಮೆರಿಕದ ಪದವಿ ಶಿಕ್ಷಣದಲ್ಲಿ ಇಂದಿಗೂ ಉಳಿದಿದೆ.

ಸಂಶೋಧನೆ ಮತ್ತು ಸಂಸ್ಕೃತ

ಇದ್ದ ಜ್ಞಾನವನ್ನು ದಾಟಿಸುವುದರ ಜೊತೆಗೆ ಹೊಸ ಜ್ಞಾನವನ್ನು ಹುಟ್ಟಿಸುವುದೂ ವಿಶ್ವವಿದ್ಯಾಲಯದ ಕರ್ತವ್ಯವೆಂಬ ಜರ್ಮನ್ ಕಲ್ಪನೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನ್ಯೂ ಹೇವನ್ ತಲುಪಿತು. ಪದವಿಯ ನಂತರದ ವ್ಯಾಸಂಗಕ್ಕೆಂದು 1847ರಲ್ಲಿ ಪ್ರತ್ಯೇಕ ವಿಭಾಗ ಆರಂಭವಾಗಿ, 1861ರಲ್ಲಿ ಅಮೆರಿಕದ ಮೊದಲ ಮೂರು ಪಿಎಚ್.ಡಿ. ಪದವಿಗಳು ಇಲ್ಲಿ ಪ್ರದಾನವಾದವು. ಎರಡು ವರ್ಷಗಳ ನಂತರ ಇದೇ ಪದವಿ ಪಡೆದ ಜೋಸಯ್ಯ ವಿಲರ್ಡ್ ಗಿಬ್ಸ್ 1871ರಲ್ಲಿ ಗಣಿತೀಯ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ, ಮೊದಲ ಒಂಬತ್ತು ವರ್ಷ ಸಂಬಳವಿಲ್ಲದೆ ದುಡಿದರು. ಶಾಖ ಮತ್ತು ಶಕ್ತಿಗಳ ಸಂಬಂಧವನ್ನು ವಿವರಿಸುವ ಉಷ್ಣಗತಿವಿಜ್ಞಾನಕ್ಕೆ ಅವರು ಹಾಕಿದ ತಳಹದಿಯ ಮೇಲೆ ಇಂದಿನ ರಸಾಯನಶಾಸ್ತ್ರದ ಬಹುಭಾಗ ನಿಂತಿದೆ.

ಭಾರತದ ಓದುಗರಿಗೆ ಇನ್ನಷ್ಟು ಹತ್ತಿರವಾದ ಸಂಗತಿಯೆಂದರೆ ಅಮೆರಿಕದಲ್ಲಿ ಸಂಸ್ಕೃತದ ಅಧ್ಯಯನ ಬೇರೂರಿದ್ದು ಯೇಲ್‌ನಲ್ಲಿ. 1841ರಲ್ಲಿ ಅರಬ್ಬಿ ಮತ್ತು ಸಂಸ್ಕೃತಗಳ ಪ್ರಾಧ್ಯಾಪಕರಾಗಿ ನೇಮಕಗೊಂಡ ಎಡ್ವರ್ಡ್ ಸಾಲ್ಸ್‌ಬರಿ, ವಿಲಿಯಂ ಡ್ವೈಟ್ ವಿಟ್ನಿ ಎಂಬ ಶಿಷ್ಯನ ಪ್ರತಿಭೆಯನ್ನು ಕಂಡು 1854ರಲ್ಲಿ ಸಂಸ್ಕೃತದ ಪೀಠವನ್ನು ಅವರಿಗೆ ಬಿಟ್ಟುಕೊಟ್ಟದ್ದಲ್ಲದೆ ಅದಕ್ಕೆ ಬೇಕಾದ ಹಣವನ್ನೂ ತಮ್ಮ ಸಂಪತ್ತಿನಿಂದಲೇ ಒದಗಿಸಿದರು. ಜರ್ಮನಿಯಲ್ಲಿ ರುಡಾಲ್ಫ್ ರೋಟ್ ಅವರ ಬಳಿ ಓದಿ, ಅವರೊಂದಿಗೆ ಅಥರ್ವವೇದವನ್ನು ಸಂಪಾದಿಸಿದ ವಿಟ್ನಿ 1879ರಲ್ಲಿ ಪ್ರಕಟಿಸಿದ ಸಂಸ್ಕೃತ ವ್ಯಾಕರಣ ಇಂದಿಗೂ ಬಳಕೆಯಲ್ಲಿದೆ. ಪಾಣಿನಿಯ ಸೂತ್ರಗಳಿಗಿಂತ ಗ್ರಂಥಗಳಲ್ಲಿ ಕಾಣುವ ಪ್ರಯೋಗಗಳೇ ಪ್ರಮಾಣವೆಂದು ಅವರು ಹಿಡಿದ ಪಟ್ಟು ಭಾರತೀಯ ವೈಯಾಕರಣ ಪರಂಪರೆಗೆ ನ್ಯಾಯ ಒದಗಿಸಲಿಲ್ಲವೆಂಬ ಟೀಕೆಯೂ ಬಲವಾಗಿಯೇ ಇದೆ. ಅವರ ಶಿಷ್ಯ ಚಾರ್ಲ್ಸ್ ಲ್ಯಾನ್‌ಮನ್ ಈ ವಿದ್ಯೆಯನ್ನು ಹಾರ್ವರ್ಡಿನಲ್ಲಿ ಮುಂದುವರಿಸಿದರು. ಹೀಗೆ ವ್ಯಾಪ್ತಿ ಹಿಗ್ಗಿದ ಸಂಸ್ಥೆ 1887ರಲ್ಲಿ ಕಾಲೇಜೆಂಬ ಹೆಸರನ್ನು ಬಿಟ್ಟು ವಿಶ್ವವಿದ್ಯಾಲಯವೆನಿಸಿತು.

ಹೊಸ್ತಿಲ ಹೊರಗಿನವರು

ಏನನ್ನು ಕಲಿಸಬೇಕೆಂಬ ವಿಷಯದಲ್ಲಿ ಇಷ್ಟು ತೆರೆದುಕೊಂಡ ಯೇಲ್, ಯಾರಿಗೆ ಕಲಿಸಬೇಕೆಂಬ ವಿಷಯದಲ್ಲಿ ಹಿಂಜರಿಯುತ್ತಲೇ ಸಾಗಿತು. 1752ರಲ್ಲಿ ಪೂರ್ಣಗೊಂಡು ಇಂದಿಗೂ ನಿಂತಿರುವ ಕನೆಕ್ಟಿಕಟ್ ಹಾಲ್ ಎಂಬ ಕಟ್ಟಡಕ್ಕೆ ದುಡಿದವರಲ್ಲಿ ಗುಲಾಮರಿದ್ದರು. 1831ರಲ್ಲಿ ನ್ಯೂ ಹೇವನ್ನಿನಲ್ಲಿ ಕಪ್ಪು ಜನರಿಗಾಗಿ ಕಾಲೇಜೊಂದನ್ನು ತೆರೆಯುವ ಯೋಜನೆ ಬಂದಾಗ ಪಟ್ಟಣದ ಸಭೆ ಸುಮಾರು 700 ಮತಗಳಿಂದ ಅದನ್ನು ತಿರಸ್ಕರಿಸಿತು. ಪರವಾಗಿ ಬಂದದ್ದು ನಾಲ್ಕು ಮತ. ವಿರೋಧಿಸಿದವರ ಮುಂಚೂಣಿಯಲ್ಲಿ ಯೇಲ್‌ಗೆ ಸಂಬಂಧಿಸಿದವರೂ ಇದ್ದರು. ಎಡ್ವರ್ಡ್ ಬೂಶೆ 1876ರಲ್ಲಿ ಇಲ್ಲಿಂದ ಭೌತಶಾಸ್ತ್ರದ ಪಿಎಚ್.ಡಿ. ಪಡೆದು, ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಆ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಎನಿಸಿದರೂ ಯಾವ ಸಂಶೋಧನಾ ವಿಶ್ವವಿದ್ಯಾಲಯವೂ ಅವರಿಗೆ ಕೆಲಸ ಕೊಡಲಿಲ್ಲ. ಫಿಲಡೆಲ್ಫಿಯದಲ್ಲಿ ಕಪ್ಪು ಮಕ್ಕಳಿಗಾಗಿದ್ದ ಶಾಲೆಯೊಂದರಲ್ಲಿ ಅವರು 26 ವರ್ಷ ಪಾಠ ಹೇಳಿದರು.

ಈ ಚರಿತ್ರೆಯನ್ನು ವಿಶ್ವವಿದ್ಯಾಲಯ ಎದುರುಗೊಂಡದ್ದು ತೀರ ಇತ್ತೀಚೆಗೆ. ಗುಲಾಮಗಿರಿಯ ಕಟ್ಟಾ ಸಮರ್ಥಕನಾಗಿದ್ದ ಜಾನ್ ಕ್ಯಾಲ್‌ಹೂನ್‌ನ ಹೆಸರಿದ್ದ ವಿದ್ಯಾರ್ಥಿ ನಿವಾಸಕ್ಕೆ, ದೀರ್ಘ ಪ್ರತಿಭಟನೆಯ ನಂತರ 2017ರಲ್ಲಿ, ಇಲ್ಲಿಯೇ ಗಣಿತದಲ್ಲಿ ಪಿಎಚ್.ಡಿ. ಪಡೆದು ಕಂಪ್ಯೂಟರ್ ಭಾಷೆಗಳ ಬೆಳವಣಿಗೆಗೆ ದಾರಿ ಮಾಡಿದ ಗ್ರೇಸ್ ಹಾಪರ್ ಅವರ ಹೆಸರನ್ನಿಡಲಾಯಿತು. 2024ರಲ್ಲಿ ಇತಿಹಾಸಕಾರ ಡೇವಿಡ್ ಬ್ಲೈಟ್ ಅವರ ನೇತೃತ್ವದ ಅಧ್ಯಯನ ಪುಸ್ತಕರೂಪದಲ್ಲಿ ಪ್ರಕಟವಾದಾಗ, ಗುಲಾಮಗಿರಿಯೊಂದಿಗಿದ್ದ ತನ್ನ ನಂಟಿಗಾಗಿ ವಿಶ್ವವಿದ್ಯಾಲಯ ವಿಧ್ಯುಕ್ತವಾಗಿ ಕ್ಷಮೆ ಕೇಳಿತು.

ಇಂದಿನ ಕಲಿಕೆಯ ಕ್ರಮ

ಪದವಿ ವಿದ್ಯಾರ್ಥಿಗಳ ಬದುಕಿನ ಕೇಂದ್ರ ‘ರೆಸಿಡೆನ್ಷಿಯಲ್ ಕಾಲೇಜ್’ ಎಂಬ ವಸತಿ ವ್ಯವಸ್ಥೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಮಾದರಿಯಲ್ಲಿ, ಎಡ್ವರ್ಡ್ ಹಾರ್ಕ್ನೆಸ್ ಎಂಬ ಶ್ರೀಮಂತ ಹಳೆಯ ವಿದ್ಯಾರ್ಥಿಯ ದೇಣಿಗೆಯಿಂದ 1933ರಲ್ಲಿ ಆರಂಭವಾದ ಈ ನಿವಾಸಗಳ ಸಂಖ್ಯೆ ಈಗ ಹದಿನಾಲ್ಕು. ಪ್ರತಿಯೊಂದಕ್ಕೂ ತನ್ನದೇ ಅಂಗಳ, ಊಟದ ಮನೆ, ಗ್ರಂಥಾಲಯಗಳಿದ್ದು, ಪ್ರಾಧ್ಯಾಪಕರೊಬ್ಬರು ಮುಖ್ಯಸ್ಥರಾಗಿ ಅಲ್ಲಿಯೇ ವಾಸಿಸುತ್ತಾರೆ. ಪಾಠಗಳು ಇಡೀ ವಿಶ್ವವಿದ್ಯಾಲಯಕ್ಕೆ ಸಾಮಾನ್ಯವಾಗಿರುವುದರಿಂದ, ಭಾರತದಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಎಂದಾಗ ಮನಸ್ಸಿಗೆ ಬರುವ ಅರ್ಥ ಇಲ್ಲಿ ಹೊಂದುವುದಿಲ್ಲ.

ನಾಲ್ಕು ವರ್ಷಗಳಲ್ಲಿ ವಿದ್ಯಾರ್ಥಿ 36 ಕ್ರೆಡಿಟ್‌ಗಳನ್ನು ಗಳಿಸಬೇಕು. ಕ್ರೆಡಿಟ್ ಎಂದರೆ ಸಾಮಾನ್ಯವಾಗಿ ಅರ್ಧ ಶೈಕ್ಷಣಿಕ ವರ್ಷದ ಅವಧಿಯ ಒಂದು ಪಠ್ಯವಿಷಯವನ್ನು ಪೂರೈಸಿದ್ದಕ್ಕೆ ಸಲ್ಲುವ ಮಾನ. ಸುಮಾರು 80 ವಿಷಯಗಳಲ್ಲಿ ಒಂದನ್ನು ‘ಮೇಜರ್’ ಅಥವಾ ಪ್ರಧಾನ ವಿಷಯವಾಗಿ ಆರಿಸಿಕೊಳ್ಳಬೇಕಾದರೂ, ಭೌತಶಾಸ್ತ್ರ ಓದುವವರು ಸಾಹಿತ್ಯ, ಕಲೆ ಮತ್ತು ಸಮಾಜವಿಜ್ಞಾನಗಳನ್ನೂ, ಸಾಹಿತ್ಯ ಓದುವವರು ವಿಜ್ಞಾನವನ್ನೂ ಬಿಡುವಂತಿಲ್ಲ. ಬರವಣಿಗೆ, ಪರಿಮಾಣಾತ್ಮಕ ವಿವೇಚನೆ ಮತ್ತು ಅನ್ಯಭಾಷೆಯ ಕಲಿಕೆ ಎಲ್ಲರಿಗೂ ಕಡ್ಡಾಯ. 1828ರ ವರದಿಯ ತತ್ವ ಗ್ರೀಕ್, ಲ್ಯಾಟಿನ್‌ಗಳ ವೇಷ ಕಳಚಿ ಈ ನಿಯಮಗಳಲ್ಲಿ ಮುಂದುವರಿದಿದೆ. ಕಾನೂನು, ವೈದ್ಯಕೀಯ, ನಾಟಕ, ಸಂಗೀತ, ಪರಿಸರ ಅಧ್ಯಯನ ಮೊದಲಾದವುಗಳಿಗೆ ಪ್ರತ್ಯೇಕ ವೃತ್ತಿಶಿಕ್ಷಣ ಶಾಲೆಗಳಿವೆ. 1963ರಲ್ಲಿ ತೆರೆದ ಬೈನಕಿ ಗ್ರಂಥಾಲಯದಲ್ಲಿ ಬಿಸಿಲನ್ನು ಸೋಸಿ ಒಳಬಿಡುವ ತೆಳುವಾದ ಅಮೃತಶಿಲೆಯ ಗೋಡೆಗಳ ನಡುವೆ ಗುಟೆನ್‌ಬರ್ಗ್ ಬೈಬಲ್ಲಿನಂಥ ಅಪರೂಪದ ಗ್ರಂಥಗಳು ಸುರಕ್ಷಿತವಾಗಿವೆ.

ಇವೆಲ್ಲಕ್ಕೂ ಆಧಾರ ‘ಎಂಡೋಮೆಂಟ್’, ಅಂದರೆ ದಾನಿಗಳ ಮೂಲಧನವನ್ನು ಹೂಡಿ, ಅದರ ಗಳಿಕೆಯ ಒಂದು ಭಾಗವನ್ನಷ್ಟೇ ವರ್ಷವರ್ಷ ಖರ್ಚು ಮಾಡುವ ದತ್ತಿನಿಧಿ. ಯೇಲ್‌ನ ದತ್ತಿನಿಧಿ ಈಗ 40 ಶತಕೋಟಿ ಡಾಲರನ್ನು ಮೀರಿದೆ. ಅರ್ಜಿದಾರರ ಹಣಕಾಸಿನ ಸ್ಥಿತಿಯನ್ನು ನೋಡದೆ ಪ್ರವೇಶ ನೀಡಿ, ಆಮೇಲೆ ಅವರ ಅಗತ್ಯಕ್ಕೆ ತಕ್ಕಂತೆ ನೆರವು ಕೊಡುವ ನೀತಿ ವಿದೇಶಿ ವಿದ್ಯಾರ್ಥಿಗಳಿಗೂ ಅನ್ವಯಿಸಲು ಸಾಧ್ಯವಾಗಿರುವುದು ಈ ನಿಧಿಯ ಬಲದಿಂದ. ಆದರೂ ಪ್ರವೇಶದ ಬಾಗಿಲು ವಿವಾದದಿಂದ ಮುಕ್ತವಾಗಿಲ್ಲ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆ ಟೀಕೆಗೆ ಗುರಿಯಾಗುತ್ತಲೇ ಇದೆ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಇತರ ಎರಡು ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ತಡೆದ ಮೇಲೆ ಯೇಲ್ ಕೂಡ ತನ್ನ ಕ್ರಮವನ್ನು ಬದಲಿಸಬೇಕಾಯಿತು.

ಕಲ್ಲಿನಲ್ಲಿ ಬರೆದ ಸೊನ್ನೆಗಳು

ಮಹಿಳೆಯರಿಗೆ ಕಲಾಶಾಲೆಯ ಬಾಗಿಲು 1869ರಲ್ಲಿ, ಪಿಎಚ್.ಡಿ. ವ್ಯಾಸಂಗದ ಬಾಗಿಲು 1892ರಲ್ಲಿ ತೆರೆದರೂ, ಸಂಸ್ಥೆಯ ಹೃದಯವಾದ, ಪದವಿ ಶಿಕ್ಷಣ ನೀಡುವ ಯೇಲ್ ಕಾಲೇಜಿಗೆ ಪದವಿ ವಿದ್ಯಾರ್ಥಿನಿಯರು ಕಾಲಿಟ್ಟದ್ದು 1969ರಲ್ಲಿ, ಸ್ಥಾಪನೆಯಾದ 268 ವರ್ಷಗಳ ನಂತರ. ಇಲ್ಲಿ ವಿದ್ಯಾರ್ಥಿನಿಯಾಗಿದ್ದಾಗಲೇ ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ವಿನ್ಯಾಸದಿಂದ ಹೆಸರಾದ ಮಾಯಾ ಲಿನ್ ಈ ಚರಿತ್ರೆಯನ್ನು 1993ರಲ್ಲಿ ಸ್ಟರ್ಲಿಂಗ್ ಗ್ರಂಥಾಲಯದ ಮುಂದೆ ಕಲ್ಲಿನಲ್ಲಿ ಕಡೆದರು. ‘ವಿಮೆನ್ಸ್ ಟೇಬಲ್’ ಎಂಬ ಹೆಸರಿನ ಆ ಹಸಿರು ಗ್ರಾನೈಟ್ ಮೇಜಿನ ಮೇಲೆ ನೀರು ತೆಳುವಾಗಿ ಹರಿಯುತ್ತದೆ. ನೀರಿನಡಿಯಲ್ಲಿ, ಪ್ರತಿವರ್ಷ ಯೇಲ್‌ನಲ್ಲಿದ್ದ ಮಹಿಳಾ ವಿದ್ಯಾರ್ಥಿಗಳ ಸಂಖ್ಯೆ ಸುರುಳಿಯಾಗಿ ಹೊರಸಾಗುತ್ತದೆ. ಸುರುಳಿಯ ಆರಂಭದಲ್ಲಿ ಇರುವುದು ಬರೀ ಸೊನ್ನೆಗಳು, ಒಂದರ ಹಿಂದೆ ಒಂದು, ನೂರೈವತ್ತಕ್ಕೂ ಹೆಚ್ಚು. ಲೆಕ್ಕವನ್ನು ಮೊದಲ ವಿದ್ಯಾರ್ಥಿನಿಯಿಂದ ಆರಂಭಿಸಿದ್ದರೆ ಅದು ಬೆಳವಣಿಗೆಯ ಸ್ಮಾರಕ ಮಾತ್ರವಾಗುತ್ತಿತ್ತು. ಸೊನ್ನೆಗಳನ್ನೂ ಎಣಿಸಿದ್ದರಿಂದ, ಯಾರಿಗೆ ಕಲಿಸಬೇಕೆಂಬ ಪ್ರಶ್ನೆಗೆ ಯೇಲ್ ಒಂದೂವರೆ ಶತಮಾನಕ್ಕೂ ಮಿಕ್ಕಿ ಕೊಡುತ್ತ ಬಂದಿದ್ದ ಉತ್ತರ ಗ್ರಂಥಾಲಯಕ್ಕೆ ಹೋಗುವವರ ಕಣ್ಣಿಗೆ ದಿನವೂ ಬೀಳುತ್ತದೆ.